ದೋಣಿ ಮೇಲೊಂದು ಒಲೆ... ಬಿದ್ದರೆ ನೀರಿಗೇ ಬೀಳಲಿ!

ನೀಲಿ ಸಮುದ್ರ... ಬಿಳಿ ದೋಣಿ... ಶರ್ಟಿನ ಗುಂಡಿ ಬಿಚ್ಚಿಕೊಂಡು ನಿಂತ ನಾಯಕ. ಅವನ ಮುಂದೆ ಕೆಂಡದ ಮೇಲೆ ಮೀನು ಚುರ್ ಚುರ್ ಅನ್ನುತ್ತಿದೆ. ಪಕ್ಕದಲ್ಲಿ ಗಾಳಿಗೆ ಸೆರಗು ಹಾರಿಸಿಕೊಂಡು ನಾಯಕಿ. ಹಾಡು ಶುರು! ಎರಡನೇ ಚರಣ ಮುಗಿಯುವಷ್ಟರಲ್ಲಿ ಮೀನೂ ಬೆಂದಿರುತ್ತೆ, ಪ್ರೀತಿಯೂ ಕುದುರಿರುತ್ತೆ.

ಇಂಥ ಸೀನಿಗೆ ಸಿಳ್ಳೆ ಹೊಡೆಯುವ ಮಿತ್ರರೇ, ನಿಮ್ಮಲ್ಲಿ ಒಬ್ಬರಾದರೂ ಕೇಳಿದ್ದೀರಾ? ಆ ಒಲೆ ದೋಣಿಯ ಯಾವ ಮೂಲೆಯಲ್ಲಿದೆ? ಗಾಳಿ ಯಾವ ಕಡೆಯಿಂದ ಬೀಸ್ತಿದೆ? ದೋಣಿ ಒಂದು ಸಲ ವಾಲಿದರೆ ಕೆಂಡ ಎಲ್ಲಿ ಬೀಳುತ್ತೆ? ಆ ಸೆರಗಿನ ಗತಿ ಏನು?

ಚಿತ್ರೀಕರಣದಲ್ಲಾದರೆ 'ಕಟ್' ಅನ್ನಲು ನಿರ್ದೇಶಕರಿದ್ದಾರೆ, ನೀರು ಹಿಡಿದು ನಿಂತ ಲೈಟ್‌ಬಾಯ್ ಇದ್ದಾನೆ. ನಿಜವಾದ ದೋಣಿಯಲ್ಲಿ 'ಕಟ್' ಅನ್ನೋರು ಯಾರೂ ಇಲ್ಲ. ರಸ್ತೆಯಲ್ಲಿ ಲಾರಿಗೆ ಬೆಂಕಿ ಬಿದ್ದರೆ ಹಾರಿ ಓಡಬಹುದು. ನಡುನೀರಿನಲ್ಲಿ ದೋಣಿಗೆ ಬೆಂಕಿ ಬಿದ್ದರೆ ಓಡೋದು ಎಲ್ಲಿಗೆ ಸ್ವಾಮಿ?

ಹಾಗಂತ ದೋಣಿಯಲ್ಲಿ ಅಡುಗೆಯೇ ಬೇಡ ಅಂತಲ್ಲ. ಅಮೆರಿಕ, ಆಸ್ಟ್ರೇಲಿಯಾ, ಯೂರೋಪಿನಲ್ಲಿ ಸಣ್ಣ ಸಣ್ಣ ದೋಣಿಯವರು ರಜೆ ಬಂತೆಂದರೆ ಲಂಗರು ಹಾಕಿ, ಹಿಂದುಗಡೆಯ ಕಂಬಿಗೆ ಪುಟ್ಟದೊಂದು ಒಲೆ ಸಿಕ್ಕಿಸಿ, ಮೀನೋ ಕೋಳಿಯೋ ಸುಟ್ಟು ತಿನ್ನುತ್ತಾರೆ. ಅದಕ್ಕೆ ಅವರು 'ಗ್ರಿಲ್' ಅಂತಾರೆ. ಕಿಟಕಿಗೆ ಹಾಕಿಸುವ ಗ್ರಿಲ್ ಅಲ್ಲ! ಕೆಳಗೆ ಉರಿ, ಮೇಲೆ ಸಲಾಕೆಗಳ ಜಾಲರಿ, ಅದರ ಮೇಲೊಂದು ಮುಚ್ಚಳ. ಇಷ್ಟೇ ಯಂತ್ರ. ಕೆಲಸ ಹುಡುಕಿಕೊಂಡು ಆ ದೇಶಗಳಿಗೆ ಹೋದ ನಮ್ಮ ಹುಡುಗರೂ ಬಾಡಿಗೆ ದೋಣಿ ಹತ್ತುವ ಕಾಲ ಇದು. ಆದ್ದರಿಂದ ಈ ಒಲೆಯ ಒಳಗುಟ್ಟು ತಿಳಿದಿರೋದು ಒಳ್ಳೇದು.

ಆ ಒಳಗುಟ್ಟು ಒಂದೇ ಸಾಲಿನದು: ದೋಣಿಯ ಒಲೆಯಿಂದ ಏನು ಬಿದ್ದರೂ, ಏನು ಸೋರಿದರೂ, ಅದು ನೀರಿಗೆ ಹೋಗಬೇಕು. ದೋಣಿಯೊಳಕ್ಕೆ ಬರಕೂಡದು. ಯಾವ ಒಲೆ ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಸಿಲಿಂಡರ್ ಎಲ್ಲಿಡಬೇಕು... ಎಲ್ಲಕ್ಕೂ ಉತ್ತರ ಈ ಸಾಲಿನಲ್ಲೇ ಇದೆ.

ರೆಡ್‌ಫೋರ್ಡ್ ಹಚ್ಚಿದ ಬೆಂಕಿ

ಸಿನಿಮಾದಿಂದಲೇ ಸಾಕ್ಷಿ ಬೇಕೇ? ತಗೊಳ್ಳಿ.

2013ರಲ್ಲಿ 'ಆಲ್ ಈಸ್ ಲಾಸ್ಟ್' ಎಂಬ ಚಿತ್ರ ಬಂತು. ನಿರ್ದೇಶಕ ಜೆ. ಸಿ. ಚಾಂಡರ್. ಇಡೀ ಚಿತ್ರಕ್ಕೆ ಒಬ್ಬನೇ ನಟ, ರಾಬರ್ಟ್ ರೆಡ್‌ಫೋರ್ಡ್. ಮಾತು ಇಲ್ಲವೆನ್ನುವಷ್ಟು ಕಡಿಮೆ. ಹಿಂದೂ ಮಹಾಸಾಗರದಲ್ಲಿ ಒಬ್ಬಂಟಿ ಮುದುಕ, ಅವನ ಹಾಯಿದೋಣಿ ಮುಳುಗುತ್ತೆ, ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ ಅವನು ತೇಲ್ತಾನೆ. ಇದರ ನೀರಿನ ದೃಶ್ಯಗಳನ್ನು ಮೆಕ್ಸಿಕೋದ ರೊಸಾರಿಟೋದಲ್ಲಿ ತೆಗೆದರು. 'ಟೈಟಾನಿಕ್'ಗೋಸ್ಕರ ಕಟ್ಟಿಸಿದ ದೊಡ್ಡ ನೀರಿನ ತೊಟ್ಟಿಗಳಿರುವ ಸ್ಟುಡಿಯೋ ಅದೇ.

ಕೊನೆಯಲ್ಲಿ ಕತ್ತಲಲ್ಲಿ ದೂರ ಒಂದು ದೀಪ ಕಾಣುತ್ತೆ. ಸನ್ನೆ ಮಾಡೋಣವೆಂದು ಮುದುಕ ಪ್ಲಾಸ್ಟಿಕ್ ಡಬ್ಬದಲ್ಲಿ ಕಾಗದ ತುಂಬಿ ಬೆಂಕಿ ಹಚ್ಚುತ್ತಾನೆ. ಅಷ್ಟೇ! ಡಬ್ಬದ ಬೆಂಕಿ ತೆಪ್ಪಕ್ಕೆ ಹತ್ತಿತು. ನೋಡನೋಡುತ್ತಿದ್ದಂತೆ ತೆಪ್ಪವೇ ಬೆಂಕಿಯ ಬಳೆ. ಮುದುಕ ನೀರಿಗೆ ಹಾರಬೇಕಾಯಿತು. ಮುಂದೇನಾಯಿತು ಅನ್ನೋದನ್ನು ಚಿತ್ರ ನೋಡಿಯೇ ತಿಳಿಯಿರಿ, ಅದನ್ನೂ ಹೇಳಿಬಿಟ್ಟರೆ ನೀವು ನಮ್ಮನ್ನು ಬೈತೀರಿ!

ಇನ್ನೊಂದು, 1951ರ 'ದಿ ಆಫ್ರಿಕನ್ ಕ್ವೀನ್'. ಹಂಫ್ರಿ ಬೋಗಾರ್ಟ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಪುಟ್ಟ ದೋಣಿಯ ನಟ್ಟ ನಡುವೆ ಸೌದೆ ಉರಿಯುವ ಬಾಯ್ಲರ್. ಅದೇ ದೋಣಿಯಲ್ಲಿ ಸಿಡಿಮದ್ದು ಬೇರೆ! ಬಾಯ್ಲರ್ ಮುನಿಸಿಕೊಂಡಾಗಲೆಲ್ಲ ಬೋಗಾರ್ಟ್ ಒಂದು ಒದೆ ಕೊಡ್ತಾನೆ. ಒದೆಯದಿದ್ದರೆ ಅದು ಸಿಡಿದೀತು, ಯಾಕೆಂದರೆ ಸೇಫ್ಟಿ ವಾಲ್ವಿನೊಳಗೆ ಯಾವನೋ ಹುಡುಗ ಸ್ಕ್ರೂಡ್ರೈವರ್ ಬೀಳಿಸಿದ್ದಾನೆ. ಥಿಯೇಟರಿನಲ್ಲಿ ನಗು ತಡೆಯೋಕಾಗಲ್ಲ. ಆದರೆ ಒದ್ದು ರಿಪೇರಿ ಮಾಡೋ ಅದೃಷ್ಟ ಬೋಗಾರ್ಟ್‌ಗೆ ಮಾತ್ರ. ನಮಗೂ ನಿಮಗೂ ಇಲ್ಲ.

ತೇಲುಗುಂಡಿನಿಂದ ಹುಟ್ಟಿದ ಒಲೆ

ಈಗ ಒಲೆಯ ಜಾತಕ ನೋಡೋಣ. ಇವತ್ತು ಜಗತ್ತಿನ ಎಲ್ಲ ಕಡೆ ಕಾಣುವ ಮುಚ್ಚಳದ ಗುಂಡು ಗ್ರಿಲ್ ಇದೆಯಲ್ಲ, ಅದರ ಮೂಲವೇ ನೀರು ಅಂದರೆ ನಂಬ್ತೀರಾ?

ಅಮೆರಿಕದ ಶಿಕಾಗೋದಲ್ಲಿ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆ. ಹಡಗು ದೋಣಿಗಳಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡುಗಳನ್ನು ಅಲ್ಲಿ ಮಾಡ್ತಿದ್ದರು. ಅಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬ ಆಸಾಮಿಗೆ ಮಾಂಸ ಸುಡೋ ಹುಚ್ಚು. ತೆರೆದ ಒಲೆಯಲ್ಲಿ ಸುಡಲು ಹೋದರೆ ಗಾಳಿಗೆ ಬೂದಿ ಹಾರುತ್ತೆ, ಉರಿ ಏರುಪೇರಾಗುತ್ತೆ. 1952ರಲ್ಲಿ ಅವನು ಒಂದು ತೇಲುಗುಂಡನ್ನು ನಡುವೆ ಸೀಳಿದ. ಕೆಳಗಿನ ಹೋಳು ಒಲೆ, ಮೇಲಿನ ಹೋಳು ಮುಚ್ಚಳ. ಗಾಳಿಯ ಆಟ ಮುಗಿಯಿತು!

ದೋಣಿಯವನ ಮೊದಲ ಶತ್ರುವೂ ಗಾಳಿಯೇ. ಆದ್ದರಿಂದ ಕೊಳ್ಳುವಾಗ ಮೊದಲ ಪಾಠ: ಮುಚ್ಚಳ ಇಲ್ಲದ ಒಲೆ ದೋಣಿಗೆ ಬೇಡವೇ ಬೇಡ. ಆ ಮುಚ್ಚಳವೂ ಕೀಲಿನಿಂದ ಒಲೆಗೇ ಅಂಟಿಕೊಂಡಿರಬೇಕು. ಬಿಡಿಯಾಗಿದ್ದರೆ ಒಂದು ಅಲೆಗೆ ಸಮುದ್ರದ ಪಾಲು.

ಮೂವರು ಹೀರೋಗಳು

ದೋಣಿಗೆ ಬರುವ ಒಲೆಗಳಲ್ಲಿ ಮೂರು ಜಾತಿ.

ಇದ್ದಿಲಿನದು: ರುಚಿಯಲ್ಲಿ ಇದೇ ನಂಬರ್ ಒನ್. ಸಿಲಿಂಡರ್ ತಾಪತ್ರಯ ಇಲ್ಲ. ಆದರೆ ಹೊತ್ತಿಕೊಳ್ಳಲು ಅರ್ಧ ಗಂಟೆ ಬೇಕು, ಬೇಡವೆಂದಾಗ ಆರೋದಿಲ್ಲ, ಗಾಳಿ ಬೀಸಿದರೆ ಕಿಡಿ ಹಾರುತ್ತೆ. ಪಕ್ಕದಲ್ಲಿ ಹಾಯಿಬಟ್ಟೆ ಇದ್ದರೆ ಅದಕ್ಕೆ ತೂತು ಗ್ಯಾರಂಟಿ. ಇದ್ದಿಲು ಒದ್ದೆಯಾದರೆ ದೇವರೇ ಬಂದರೂ ಹೊತ್ತಲ್ಲ, ನೀರು ಹೋಗದ ಡಬ್ಬದಲ್ಲಿಡಬೇಕು. ಹೊತ್ತಿಸಲು ಪೆಟ್ರೋಲ್, ಸೀಮೆಎಣ್ಣೆ ಸುರಿಯೋ ಶೂರರಿಗೆ ದೋಣಿಯಲ್ಲಿ ಜಾಗ ಇಲ್ಲ.

ಗ್ಯಾಸಿನದು: ಅಲ್ಲಿ ಹೆಚ್ಚು ಜನ ಕೊಳ್ಳೋದು ಇದನ್ನೇ. ಗುಬುಟು ತಿರುಗಿಸಿದರೆ ಉರಿ, ಮತ್ತೆ ತಿರುಗಿಸಿದರೆ ಆರಿತು. ನಮ್ಮ ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತಲ್ಲ, ಇದಕ್ಕೆ ಅಮೆರಿಕದಲ್ಲಿ ಹಾಕೋದು ಒಂದು ಪೌಂಡಿನ ಮರಿ ಸಿಲಿಂಡರ್. ಒಳಗೆ ಸುಮಾರು 465 ಗ್ರಾಂ ಪ್ರೊಪೇನ್. ಚಿಕ್ಕ ಗ್ರಿಲ್ಲಾದರೆ ಪೂರ್ತಿ ಉರಿಯಲ್ಲಿ ಎರಡು ಗಂಟೆಯ ಆಸುಪಾಸು ಬರುತ್ತೆ. ನಾಲ್ಕು ಜನರ ಮೀನಿಗೆ ಧಾರಾಳ.

ಕರೆಂಟಿನದು: ಬೆಂಕಿ ಇಲ್ಲ, ಕಿಡಿ ಇಲ್ಲ, ಶುದ್ಧ ಸಾಧು. ಆದರೆ ದಂಡೆಗೆ ಕಟ್ಟಿ ಅಲ್ಲಿಂದ ಕರೆಂಟ್ ಎಳೆದಾಗಲೇ ಇದರ ಆಟ. 1500 ವ್ಯಾಟಿನ ಒಲೆಯನ್ನು 12 ವೋಲ್ಟಿನ ಬ್ಯಾಟರಿಯಿಂದ ನಡೆಸಬೇಕಾದರೆ 125 ಆಂಪಿಯರ್ ಬೇಕು. ಮೀನು ಬೇಯುವ ಮೊದಲೇ ಸಣ್ಣ ದೋಣಿಯ ಬ್ಯಾಟರಿ ಕಣ್ಣುಮುಚ್ಚುತ್ತೆ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡೋದು ಹೇಗೆ?

ಅಯಸ್ಕಾಂತದ ಪರೀಕ್ಷೆ

ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತೆ, ಇದು ಕರಾವಳಿಯ ಮಗುವಿಗೂ ಗೊತ್ತು. ಆದ್ದರಿಂದ ಒಲೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಸ್ಟೀಲಿನಲ್ಲೂ ಜಾತಿ ಉಂಟು. 304 ನಂಬರಿನದು ಒಳ್ಳೇದು. 316 ನಂಬರಿನದು ಇನ್ನೂ ಗಟ್ಟಿ, ಅದರಲ್ಲಿ ನೂರಕ್ಕೆ 2ರಿಂದ 3 ಭಾಗ ಮಾಲಿಬ್ಡಿನಮ್ ಇರೋದರಿಂದ ಉಪ್ಪಿನ ಹೊಡೆತ ಚೆನ್ನಾಗಿ ತಡೆಯುತ್ತೆ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಒಲೆಯ ಮೈಗೆ ತಾಗಿಸಿ. ಗಬಕ್ಕನೆ ಅಂಟಿಕೊಂಡರೆ ಅದು ಅಗ್ಗದ ಸ್ಟೀಲ್, ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡಿದೀತು. ಅಂಟಲಿಲ್ಲವೋ, ಆಸಾಮಿ ಬಹುಪಾಲು ಒಳ್ಳೆ ಕುಲದವನೇ. 304ಕ್ಕೂ 316ಕ್ಕೂ ಇರುವ ಭೇದವನ್ನು ಮಾತ್ರ ಅಯಸ್ಕಾಂತ ಹೇಳೋದಿಲ್ಲ. ಅದಕ್ಕೆ ಡಬ್ಬದ ಮೇಲಿನ ಬರಹವನ್ನೇ ಓದಬೇಕು. ಒಲೆ ಮಾತ್ರವಲ್ಲ, ಬೋಲ್ಟು, ಕೀಲು, ಹಿಡಿಕೆ ಎಲ್ಲಕ್ಕೂ ಅಯಸ್ಕಾಂತ ತಾಗಿಸಿ ನೋಡಿ. ಹೊಳೆಯೋ ಹೀರೋ ಬಿದ್ದುಹೋಗೋದು ತುಕ್ಕು ಹಿಡಿದ ಒಂದು ಬೋಲ್ಟಿನಿಂದಲೇ!

ದೊಡ್ಡದು ಕೊಳ್ಳುವ ಆಸೆ ಬೇಡ. 15 ಇಂಚಿನ ಆಸುಪಾಸಿನ ಗುಂಡು ಒಲೆ ನಾಲ್ಕು ಜನಕ್ಕೆ ಸಾಕು. ತೂಕ ಹೆಚ್ಚಾದಷ್ಟೂ ಅದನ್ನು ಹಿಡಿದುಕೊಂಡ ಕಂಬಿಗೆ ಕಷ್ಟ.

ಎಲ್ಲಿ ಕಟ್ಟೋದು?

ಈಗ ಬಂತು ಕ್ಲೈಮ್ಯಾಕ್ಸ್. ಒಲೆಯನ್ನು ದೋಣಿಯೊಳಗೆ ನೆಲದ ಮೇಲೆ ಇಡೋದೇ? ಕೂಡದು. ಮೇಜಿನ ಮೇಲೆ? ಕೂಡದು. ಕಂಬಿಯಿಂದಾಚೆ, ನೀರಿನ ಮೇಲೆ ತೂಗುವ ಹಾಗೆ ಕಟ್ಟಬೇಕು. ಇದಕ್ಕೆಂದೇ ಬಿಗಿಪಟ್ಟಿಗಳು ಸಿಗುತ್ತವೆ. ದೋಣಿಯ ಕಂಬಿ ಸಾಮಾನ್ಯವಾಗಿ 7/8 ಇಂಚು ಇಲ್ಲವೇ 1 ಇಂಚು ದಪ್ಪ, ಅಳತೆ ನೋಡಿಯೇ ಕೊಳ್ಳಿ. ಕಂಬಿ ಇಲ್ಲದ ಮೋಟಾರ್ ದೋಣಿಯಲ್ಲಿ ಗಾಳದ ಕೋಲು ಸಿಕ್ಕಿಸುವ ತೂತಿಗೆ ಕೂರಿಸುವ ಕಾಲೂ ಬರುತ್ತೆ. ಕಟ್ಟಿದ ಮೇಲೆ ಕೈಯಿಂದ ಜಗ್ಗಿ ನೋಡಿ. ಖಾಲಿ ಒಲೆ ಅಲುಗಾಡಿದರೆ, ಕೆಂಡ ತುಂಬಿದ ಒಲೆ ಕುಣಿಯುತ್ತೆ.

ಯಾವ ಕಡೆಗೆ? ಲಂಗರು ಹಾಕಿದ ದೋಣಿಯನ್ನು ಗಮನಿಸಿ. ಮುಂದಿನಿಂದ ಲಂಗರು ಬಿಟ್ಟಾಗ, ಗಾಳಿ ಬರುವ ದಿಕ್ಕಿಗೆ ಅದು ತಾನಾಗಿಯೇ ಮೂತಿ ತಿರುಗಿಸಿ ನಿಲ್ಲುತ್ತೆ. ಅಂದರೆ ಗಾಳಿ ಹಾದುಹೋಗೋದು ಮೂತಿಯಿಂದ ಹಿಂಭಾಗಕ್ಕೆ. ಒಲೆ ಹಿಂಭಾಗದ ಕಂಬಿಯಲ್ಲಿದ್ದರೆ ಹೊಗೆ, ಕಿಡಿ, ಬೂದಿ ಎಲ್ಲವೂ ಹಿಂದಕ್ಕೆ, ನೀರಿನ ಕಡೆಗೆ ಹೋಗುತ್ತೆ. ಮುಂಭಾಗದಲ್ಲಿ ಕಟ್ಟಿದಿರೋ, ಎಲ್ಲವೂ ನಿಮ್ಮ ಮುಖಕ್ಕೇ!

ಹಿಂಭಾಗದಲ್ಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ್ದಿದೆ. ಮೇಲೆ ನೆರಳಿನ ಬಟ್ಟೆ ಇದೆಯೇ? ಸರಿಸಿ. ಕೆಳಗೆ ಮೋಟಾರಿನ ಪೆಟ್ರೋಲ್ ಟ್ಯಾಂಕ್ ಇದೆಯೇ? ಹಾಗಿದ್ದರೆ ಒಲೆ ಬೇರೆ ಮಗ್ಗುಲಿಗೆ. ಹಗ್ಗ ನೇತಾಡುತ್ತಿದೆಯೇ? ಬಿಚ್ಚಿಡಿ. ಫೈಬರ್ ದೋಣಿ ಅಂದರೆ ಗಾಜಿನ ನಾರು, ಅದು ಉರಿಯಲ್ಲ ಅಂದುಕೊಳ್ಳಬೇಡಿ. ನಾರನ್ನು ಅಂಟಿಸಿದ ರಾಳ ಇದೆಯಲ್ಲ, ಅದು ಚೆನ್ನಾಗಿಯೇ ಉರಿಯುತ್ತೆ, ಕಪ್ಪು ವಿಷದ ಹೊಗೆಯನ್ನೂ ಕಾರುತ್ತೆ.

ದೋಣಿ ಓಡುತ್ತಿರುವಾಗ ಒಲೆ ಹಚ್ಚಬಾರದು. ಪೆಟ್ರೋಲ್ ತುಂಬಿಸುವಾಗ ಮಾತೇ ಇಲ್ಲ. ದಂಡೆಗೆ ಕಟ್ಟಿದಾಗ, ಪಕ್ಕದಲ್ಲಿ ಹತ್ತು ದೋಣಿ ಒತ್ತಿಕೊಂಡು ನಿಂತಾಗಲೂ ಬೇಡ. ಅಲ್ಲಿ ನಿಮ್ಮ ಕಿಡಿ ನಿಮ್ಮದು ಮಾತ್ರವಲ್ಲ. ಅನೇಕ ದೋಣಿದಂಡೆಗಳಲ್ಲಿ ಅದಕ್ಕೆ ನಿಷೇಧವೇ ಇದೆ.

ಕಾಣದ ಖಳನಾಯಕರು ಇಬ್ಬರು

ಮೊದಲನೆಯವನು ಗ್ಯಾಸ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನಮ್ಮ ಅಡುಗೆ ಗ್ಯಾಸಿನಲ್ಲಿರುವ ಬ್ಯೂಟೇನ್ ಎರಡು ಪಟ್ಟು ಭಾರ. ಮನೆಯಲ್ಲಾದರೆ ಬಾಗಿಲು ತೆರೆದರೆ ಹೊಸ್ತಿಲು ದಾಟಿ ಹೊರಗೆ ಹರಿದೀತು. ದೋಣಿಗೆ ಹೊಸ್ತಿಲೆಲ್ಲಿ? ಅದೊಂದು ಬಟ್ಟಲು. ಸೋರಿದ ಗ್ಯಾಸ್ ನೀರಿನಂತೆ ಕೆಳಗಿಳಿದು ದೋಣಿಯ ಹೊಟ್ಟೆಯ ತಳದಲ್ಲಿ ಮಲಗುತ್ತೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಚೂರು ಹೆಚ್ಚು ಸೇರಿದರೂ ಸಾಕು, ಒಂದು ಕಿಡಿಗೆ ಕಾಯುತ್ತಿರುತ್ತೆ. ತಳದ ನೀರು ಹೊರಹಾಕುವ ಪಂಪಿನ ಸ್ವಿಚ್ ಒತ್ತಿದಿರೋ, ಇಂಜಿನ್ ಸ್ಟಾರ್ಟ್ ಮಾಡಿದಿರೋ... ಢಮಾರ್!

ಈಗ ಗೊತ್ತಾಯಿತೇ, ಒಲೆ ಕಂಬಿಯಿಂದಾಚೆ ಯಾಕಿರಬೇಕು ಅಂತ? ಅಲ್ಲಿ ಸೋರಿದ್ದು ನೀರಿನ ಮೇಲೆ ಇಳಿದು ಚದುರಿ ಹೋಗುತ್ತೆ. ಸಿಲಿಂಡರಿಗೂ ಇದೇ ನಿಯಮ. ಮುಗಿದುಹೋದ ಮರಿ ಸಿಲಿಂಡರ್ ಅಂತ ಕ್ಯಾಬಿನ್ನಿನ ಬೀರುವಿಗೆ ತುರುಕಬೇಡಿ. ಖಾಲಿಯಾದದ್ದರಲ್ಲೂ ಒಂದಿಷ್ಟು ಉಳಿದಿರುತ್ತೆ, ಬಾಯಿ ಸೋರುತ್ತೆ. ಹೊರಗೇ ಕಟ್ಟಿಡಿ. ಪೆಟ್ಟಿಗೆಯಲ್ಲಿಡೋದಾದರೆ ಅದರ ತಳದಲ್ಲಿ ದೋಣಿಯ ಹೊರಕ್ಕೆ ತೆರೆದುಕೊಳ್ಳುವ ತೂತು ಇರಲೇಬೇಕು.

ಹಚ್ಚುವ ಮೊದಲು ಸೋಪಿನ ನೊರೆ ಮಾಡಿ ಸಂದುಗಳಿಗೆ ಸವರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಕಡ್ಡಿ ಗೀರಿ ಪರೀಕ್ಷೆ ಮಾಡುವ ಧೀರರೂ ಇದ್ದಾರಂತೆ, ಅವರಿಗೆ ದೂರದಿಂದಲೇ ನಮಸ್ಕಾರ.

ಎರಡನೇ ಖಳ ಇನ್ನೂ ಕಿಲಾಡಿ. ಹೆಸರು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಇದ್ದಿಲ ಕೆಂಡದಿಂದ ಧಾರಾಳವಾಗಿ ಹೊರಡುತ್ತೆ, ಉರಿ ಸತ್ತು ಬೂದಿ ಮುಚ್ಚಿದ ಕೆಂಡದಿಂದಲೂ ಸಹ. ರಕ್ತಕ್ಕೆ ಆಮ್ಲಜನಕ ಅಂಟುವುದಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಇದು ಅಂಟುತ್ತೆ. ಮಳೆ ಬಂತು, ಚಳಿ ಆಯ್ತು ಅಂತ ಒಲೆಯನ್ನು ಕ್ಯಾಬಿನ್ನಿನೊಳಕ್ಕೆ ತಂದು ಬಾಗಿಲು ಹಾಕಿಕೊಂಡವರ ಕಥೆ ಅಲ್ಲಿಗೆ ಮುಗಿಯಿತು. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ದೋಣಿಯಲ್ಲಿ ಇದರ ಮೋಸ ಏನೆಂದರೆ, ತಲೆ ಸುತ್ತಿ ವಾಂತಿ ಬಂದರೆ ಎಲ್ಲರೂ ಕಡಲಿನ ಓಲಾಟಕ್ಕೆ ಅಂದುಕೊಂಡು ಸುಮ್ಮನೆ ಮಲಗುತ್ತಾರೆ. ಮಲಗಿದವರು ಏಳೋದೇ ಇಲ್ಲ. ಹೊಗೆ ನುಗ್ಗಿದ ಜಾಗದಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಬಯಲು ಗಾಳಿಗೆ ಎಳೆದು ತನ್ನಿ. ಮಿಕ್ಕ ಮಾತು ಆಮೇಲೆ.

ಆಕ್ಷನ್!

ಇನ್ನು ಮೀನಿಗೆ ಬರೋಣ. ಕತ್ತರಿಸೋದು, ಮಸಾಲೆ ಹಚ್ಚೋದು ಎಲ್ಲ ಮನೆಯಲ್ಲೇ ಮುಗಿಸಿ ಡಬ್ಬದಲ್ಲಿ ತನ್ನಿ. ಅಲುಗಾಡುವ ದೋಣಿಯಲ್ಲಿ ಚಾಕು ಆಡಿಸೋದು ಬೇಡ. ಅಂಜಲಿನ ದಪ್ಪ ತುಂಡು ಗ್ರಿಲ್ಲಿಗೆ ಹೇಳಿ ಮಾಡಿಸಿದ್ದು, ಮುರಿಯಲ್ಲ. ಬಂಗುಡೆಯಲ್ಲಿ ಎಣ್ಣೆ ಜಾಸ್ತಿ. ತೊಟ್ಟಿಕ್ಕಿದ ಎಣ್ಣೆಗೆ ಉರಿ ಭಗ್ಗನೆ ಏಳುತ್ತೆ. ಆಗ ಹೌಹಾರಿ ನೀರು ಎರಚಬೇಡಿ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸಿಡಿದು ಮೈಮೇಲೆ ಬರುತ್ತೆ. ಮುಚ್ಚಳ ಮುಚ್ಚಿ, ಗ್ಯಾಸ್ ತಿರುಗಿಸಿ. ಒಣಪುಡಿಯ ಬೆಂಕಿನಂದಕ ಕೈಗೆಟುಕುವಂತಿರಲಿ, ಆದರೆ ಒಲೆಯ ಪಕ್ಕದಲ್ಲೇ ಬೇಡ. ಬೆಂಕಿ ದಾಟಿ ಹೋಗಿ ಅದನ್ನು ತರುವುದು ಹೇಗೆ?

ಒಲೆ ಚೆನ್ನಾಗಿ ಕಾದ ಮೇಲೆ ಮೀನಿಗೆ ಎಣ್ಣೆ ಸವರಿ ಇಡಿ, ಆಗ ಚರ್ಮ ಅಂಟೋದಿಲ್ಲ. ಎರಡು ಜಾಲರಿಗಳ ನಡುವೆ ಮೀನು ಹಿಡಿದಿಡುವ ಹಿಡಿಕೆ ಸಿಗುತ್ತೆ, ಅದಿದ್ದರೆ ಮಗುಚೋದು ಸಲೀಸು. ಇಕ್ಕಳಕ್ಕೆ ಒಂದು ದಾರ ಕಟ್ಟಿ ಕಂಬಿಗೆ ಬಿಗಿಯಿರಿ. ಮುಗಿದ ಮೇಲೆ ಮೊದಲು ಸಿಲಿಂಡರಿನ ಕಡೆಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ತಾನೇ ಆರಲಿ, ಆಮೇಲೆ ಒಲೆಯ ಗುಬುಟು. ಇದ್ದಿಲಿನದಾದರೆ ಪೂರ್ತಿ ತಣ್ಣಗಾಗುವವರೆಗೂ ಬಿಚ್ಚಬೇಡಿ.

ನಮ್ಮ ಮಲ್ಪೆಯಲ್ಲಿ

ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ನೋಡಿದವರಿಗೆ ಮಲ್ಪೆಯ ಪರಿಚಯ ಇದೆ. ಅಲ್ಲಿನ ಆಳಸಮುದ್ರದ ಬೋಟುಗಳು ಹೋದರೆ ವಾರ, ಹತ್ತು ದಿನ. ಕುಚ್ಚಲಕ್ಕಿ ಗಂಜಿ, ಮೀನುಸಾರು ಬೇಯೋದು ಬೋಟಿನಲ್ಲೇ, ಗ್ಯಾಸ್ ಒಲೆಯಲ್ಲೇ. ಅವರಿಗದು ಮೋಜಲ್ಲ, ಹೊಟ್ಟೆಪಾಡು. ಕಂಬಿಯಿಂದಾಚೆ ತೂಗುಹಾಕುವ ಶೋಕಿ ಒಲೆ ಅವರಿಗೆ ಸಾಲದು. ಆದರೆ ಗ್ಯಾಸ್ ಕೆಳಗಿಳಿಯುತ್ತೆ ಅನ್ನೋ ನಿಯಮ ಅಮೆರಿಕದ ಮೋಜುಗಾರನಿಗೂ ಮಲ್ಪೆಯ ಮೀನುಗಾರನಿಗೂ ಒಂದೇ. ಸಿಲಿಂಡರ್ ಮೇಲುಗಡೆ ಬಯಲಲ್ಲಿ ಕಟ್ಟಿರಬೇಕು, ರಬ್ಬರ್ ಪೈಪು ಬಿರುಕು ಬಿಡುವ ಮೊದಲೇ ಬದಲಾಗಬೇಕು, ಮಲಗುವ ಮುಂಚೆ ವಾಲ್ವ್ ಮುಚ್ಚಿದೆಯೇ ಎಂದು ಒಬ್ಬ ನೋಡಲೇಬೇಕು.

ಕೊನೆಗೊಂದು ಮಾತು. ಒಲೆ ಕಂಬಿಯಿಂದಾಚೆ ಇದೆ ಅಂದಮೇಲೆ ಮೀನು ಮಗುಚುವವನು ಹೊರಕ್ಕೆ ಬಾಗಲೇಬೇಕು. ಆ ಹೊತ್ತಿಗೇ ಒಂದು ಅಲೆ ಬಂದರೆ? ಲೈಫ್ ಜಾಕೆಟ್ ಹಾಕದೆ ಒಲೆಯ ಹತ್ತಿರ ಹೋಗಬೇಡಿ. ನೀರಿನ ಮುಂದೆ ಹೀರೋಗಿರಿ ನಡೆಯಲ್ಲ ಅನ್ನೋದು ನಮ್ಮ ಚಿತ್ರರಂಗಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ'ಯ ಚಿತ್ರೀಕರಣ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ವಿಜಯ್ ಬದುಕಿ ಬಂದರು. ಅನಿಲ್ ಮತ್ತು ಉದಯ್ ಬರಲಿಲ್ಲ. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಕಟ್ಟುಮಸ್ತಾದ ಮೈಯಿದ್ದ ಹುಡುಗರು. ನೀರು ಅದನ್ನೆಲ್ಲ ನೋಡೋದಿಲ್ಲ.

ಆದ್ದರಿಂದ ಮಿತ್ರರೇ, ದೋಣಿ ಹತ್ತುವ ಯೋಗ ಬಂದರೆ ಹತ್ತಿ. ಒಲೆ ಹಚ್ಚಿ, ಮೀನು ಸುಡಿ, ಜೊತೆಗಿದ್ದವರಿಗೂ ಬಡಿಸಿ. ಕಿಡಿ ಬಿದ್ದರೆ ನೀರಿಗೆ ಬೀಳಲಿ, ಬೂದಿ ಬಿದ್ದರೆ ನೀರಿಗೆ ಬೀಳಲಿ, ಒಲೆಗೆ ಒಲೆಯೇ ಬಿದ್ದರೂ ಹೋಗಲಿ ಬಿಡಿ, ಇನ್ನೊಂದು ಕೊಂಡರಾಯಿತು.

ನೀವು ಮಾತ್ರ ಬೀಳಬೇಡಿ!